ಹುಳು ತಿಂದ ಎಲೆಯಿಂದ ಆರಂಭಿಸಿ

ಪ್ರಶ್ನೆ: ನಮ್ಮ ಬಡಾವಣೆಯ ಸುಮಾರು 60 ಕುಟುಂಬಗಳು ಸೇರಿ ಸ್ಥಳೀಯ ಸಸ್ಯಗಳಿಗಾಗಿ ಒಂದು ದಿನವನ್ನು ಮೀಸಲಿಡಬೇಕೆಂದುಕೊಂಡಿದ್ದೇವೆ. ಚಿತ್ರಕಲೆ, ಕೈಕೆಲಸ, ಗಿಡಗಳ ಪರಿಚಯ ಎಲ್ಲವೂ ಇರಬೇಕು, ಮೂರು ವರ್ಷದ ಮಗುವಿನಿಂದ ಹಿಡಿದು ಅಜ್ಜ ಅಜ್ಜಿಯರವರೆಗೆ ಎಲ್ಲರೂ ಪಾಲ್ಗೊಳ್ಳಬೇಕು ಎಂಬುದು ನಮ್ಮ ಆಸೆ. ಆದರೆ ಇಂಥ ಕಾರ್ಯಕ್ರಮಗಳು ಚಿತ್ರ ಬಿಡಿಸುವ ಸ್ಪರ್ಧೆ ಮತ್ತು ಸಸಿ ಹಂಚಿಕೆಯಲ್ಲೇ ಮುಗಿದುಹೋಗುವುದನ್ನು ಹಿಂದೆ ನೋಡಿದ್ದೇವೆ. ಯಾವ ಗಿಡಗಳನ್ನು ಆರಿಸಬೇಕು? ಕಲೆಯನ್ನೂ ನಿಸರ್ಗವನ್ನೂ ಹೇಗೆ ಜೋಡಿಸಬೇಕು? ಆ ದಿನ ಕಳೆದ ಮೇಲೂ ಏನಾದರೂ ಉಳಿಯುವಂತೆ ಮಾಡಲು ಸಾಧ್ಯವೇ?

ಉತ್ತರ: ಮಾನ್ಯರೆ, ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಹೇಳುವ ಮೊದಲು ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಕೂಟದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಎಲೆಯ ಅಚ್ಚು ತೆಗೆಯಲೆಂದು ಕುಳಿತಿದ್ದಳು. ಒಂದು ಎಲೆಯನ್ನು ಕಿತ್ತು ತಂದಳು, ತಿರುಗಿಸಿ ನೋಡಿದಳು, ಬಿಸಾಡಿದಳು. ಎರಡನೆಯದನ್ನೂ ಬಿಸಾಡಿದಳು. ಮೂರನೆಯದನ್ನು ಬಿಸಾಡುವಾಗ ಏಕೆಂದು ಕೇಳಿದೆ. "ಎಲ್ಲಾ ತೂತು ಬಿದ್ದಿದೆ, ಚೆನ್ನಾಗಿರೋ ಎಲೆನೇ ಸಿಗ್ತಿಲ್ಲ" ಎಂದಳು. ಬಿಸಾಡಿದ ಎಲೆಯೊಂದನ್ನು ಎತ್ತಿಕೊಂಡು ಇಬ್ಬರೂ ಭೂತಗನ್ನಡಿಯಲ್ಲಿ ನೋಡಿದೆವು. ಒಂದು ತೂತಿನ ಅಂಚು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದರ ಅಂಚು ಇನ್ನೂ ಹಸಿಯಾಗಿತ್ತು, ಅಂದರೆ ಅಂದು ಬೆಳಿಗ್ಗೆಯೇ ಯಾರೋ ತಿಂದದ್ದು. ಅದರ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣದಾದ ಕಪ್ಪು ಹಿಕ್ಕೆಗಳು ಅಂಟಿಕೊಂಡಿದ್ದವು. ಎಲೆಯನ್ನು ಮಗುಚಿದಾಗ ನಡುನರಕ್ಕೆ ಒರಗಿಕೊಂಡು, ನರದಷ್ಟೇ ಹಸಿರಾದ ಹುಳುವೊಂದು ಅಲ್ಲಾಡದೆ ಮಲಗಿತ್ತು. ಆ ಹುಡುಗಿ ಮುಂದಿನ ಮುಕ್ಕಾಲು ಗಂಟೆ ಎದ್ದೇಳಲಿಲ್ಲ. ಅವಳ ಚಿತ್ರದಲ್ಲಿ ಎಲೆಗಿಂತ ತೂತುಗಳೇ ಹೆಚ್ಚು ಎಚ್ಚರದಿಂದ ಮೂಡಿದ್ದವು. ದೂರದಲ್ಲಿ ನಿಂತಿದ್ದ ಅವಳ ತಾಯಿ ಕೂಡ ಬಂದು ಪಕ್ಕದಲ್ಲಿ ಕುಳಿತರು.

ನಿಮ್ಮ ದಿನವನ್ನು ಆ ಎಲೆಯ ಸುತ್ತಲೇ ಕಟ್ಟಬೇಕು ಎಂಬುದು ನನ್ನ ಸಲಹೆಯ ತಿರುಳು. ಸ್ಥಳೀಯ ಸಸ್ಯವೆಂದರೆ ಹೆಸರಿನ ಫಲಕ ಹೊತ್ತು ಒಂಟಿಯಾಗಿ ನಿಂತ ಗಿಡವಲ್ಲ. ತನ್ನನ್ನು ತಿನ್ನುವ, ತನ್ನ ಮೇಲೆ ಮೊಟ್ಟೆಯಿಡುವ, ತನ್ನ ಬೀಜವನ್ನು ಹೊತ್ತೊಯ್ಯುವ ಜೀವಿಗಳೊಂದಿಗೆ ಸಾವಿರಾರು ವರ್ಷ ಬಾಳಿ ಬಂದ ಒಂದು ಸಂಬಂಧ. ಆ ಸಂಬಂಧವನ್ನು ಭಾಷಣದಲ್ಲಿ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ದೊಡ್ಡವರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ಒಂದೇ ವಸ್ತುವನ್ನು ಅರ್ಧ ಗಂಟೆ ಕಣ್ಣಿಟ್ಟು ನೋಡುವಂತೆ ಮಾಡುವ ಶಕ್ತಿ ಚಿತ್ರ ಬಿಡಿಸುವ ಕೆಲಸಕ್ಕಿದೆ. ಆದ್ದರಿಂದ ನಿಮ್ಮ ದಿನದಲ್ಲಿ ಕಲೆ ಎಂಬುದು ಅಲಂಕಾರವಾಗಿ ಬರಬಾರದು, ನೋಡುವ ವಿಧಾನವಾಗಿಯೇ ಬರಬೇಕು.

ಸ್ಥಳೀಯ ಎಂಬ ಪದದ ಅರ್ಥವನ್ನು ಸಂಘಟಕರು ಮೊದಲು ತಮ್ಮಲ್ಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಮನುಷ್ಯರು ತಂದು ನೆಡದೆ, ಒಂದು ಪ್ರದೇಶದಲ್ಲಿ ತಾನಾಗಿಯೇ ನೆಲೆಗೊಂಡು ಅಲ್ಲಿನ ಮಣ್ಣು, ಮಳೆ, ಕೀಟ, ಹಕ್ಕಿಗಳೊಂದಿಗೆ ವಿಕಾಸ ಹೊಂದಿದ ಸಸ್ಯ ಆ ಪ್ರದೇಶಕ್ಕೆ ಸ್ಥಳೀಯ. ಎಲ್ಲ ಕಡೆಯೂ ಬೆಳೆಯುತ್ತದೆ, ಅಜ್ಜನ ಕಾಲದಿಂದಲೂ ಇದೆ ಎಂಬುದು ಸ್ಥಳೀಯತೆಗೆ ಸಾಕ್ಷಿಯಲ್ಲ. ಲಂಟಾನ ಅದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕ ಖಂಡದ ಉಷ್ಣವಲಯದಿಂದ ಹೂವಿನ ಅಂದಕ್ಕಾಗಿ ಬೇರೆ ಬೇರೆ ದೇಶಗಳಿಗೆ ಒಯ್ಯಲಾದ ಈ ಪೊದೆಯ ಸುತ್ತ ಚಿಟ್ಟೆಗಳು ಹಾರಾಡುವುದನ್ನು ನೋಡಿದವರು ಅದು ಚಿಟ್ಟೆಗಳಿಗೆ ಬಹಳ ಒಳ್ಳೆಯ ಗಿಡವೆಂದು ಭಾವಿಸುತ್ತಾರೆ. ಹಾರುವ ಚಿಟ್ಟೆಗೆ ಅಲ್ಲಿ ಮಕರಂದ ಸಿಗುತ್ತದೆ, ನಿಜ. ಆದರೆ ಅದು ಹೊಸದಾಗಿ ಕಾಲಿಟ್ಟ ನೆಲದಲ್ಲಿ ಅದರ ಎಲೆಯನ್ನು ತಿಂದು ಬದುಕಬಲ್ಲ ಮರಿಹುಳುಗಳು ಬಹಳ ಕಡಿಮೆ. ಅಂದರೆ ಆ ಗಿಡ ಚಿಟ್ಟೆಗೆ ದಾರಿಯ ಛತ್ರವಾದೀತೇ ಹೊರತು ಹೆರಿಗೆಯ ಮನೆಯಾಗಲಾರದು. ಎಲೆ ತಿನ್ನುವ ಕೀಟಗಳಲ್ಲಿ ಬಹುಪಾಲು ಕೆಲವೇ ಜಾತಿಯ ಗಿಡಗಳನ್ನು ಮಾತ್ರ ಅರಗಿಸಿಕೊಳ್ಳಬಲ್ಲವು, ಏಕೆಂದರೆ ಪ್ರತಿ ಗಿಡವೂ ತನ್ನ ಎಲೆಯಲ್ಲಿ ತನ್ನದೇ ಆದ ಕಹಿಯನ್ನೋ ವಿಷವನ್ನೋ ಇಟ್ಟುಕೊಂಡಿರುತ್ತದೆ. ಅದನ್ನು ಜೀರ್ಣಿಸಿಕೊಳ್ಳುವ ಕಲೆ ಒಂದು ಕೀಟವಂಶಕ್ಕೆ ಒಲಿಯಲು ಬಹಳ ದೀರ್ಘ ಕಾಲ ಬೇಕು. ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಯ ಮರಿಹುಳು ಮಿಲ್ಕ್‌ವೀಡ್ ಎಂಬ ಹಾಲುಗಿಡಗಳನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಆ ಗಿಡಗಳ ಹತ್ತಿರದ ಸಂಬಂಧಿಯಾದ ನಮ್ಮ ಎಕ್ಕದ ಎಲೆಯನ್ನು ಪ್ಲೇನ್ ಟೈಗರ್ ಚಿಟ್ಟೆಯ ಮರಿ ತಿನ್ನುತ್ತದೆ; ಎಕ್ಕದ ಹಾಲಿನ ವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ.

ಹುಳು ಇಲ್ಲದಿದ್ದರೆ ಏನು ನಷ್ಟ ಎಂದು ಯಾರಾದರೂ ಕೇಳಿದರೆ ಹಕ್ಕಿಯ ಲೆಕ್ಕವನ್ನು ಕೊಡಿ. ಉತ್ತರ ಅಮೆರಿಕದಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯಿದೆ, ತೂಕ ಹತ್ತು ಹನ್ನೆರಡು ಗ್ರಾಂ. ಒಂದು ಗೂಡಿನ ಮರಿಗಳು ಹಾರುವ ಮಟ್ಟಕ್ಕೆ ಬೆಳೆಯುವಷ್ಟರಲ್ಲಿ, ಅಂದರೆ ಎರಡೂವರೆ ವಾರದೊಳಗೆ, ತಂದೆ ತಾಯಿ ಹಕ್ಕಿಗಳು 6,000ದಿಂದ 9,000 ಮರಿಹುಳುಗಳನ್ನು ಹಿಡಿದು ತರಬೇಕಾಗುತ್ತದೆ. ಕಾಳು ತಿನ್ನುವ ಹಕ್ಕಿಗಳಲ್ಲಿಯೂ ಎಷ್ಟೋ ಜಾತಿಗಳು ಮರಿಗಳಿಗೆ ಹುಳುವನ್ನೇ ಉಣಿಸುತ್ತವೆ. ಹುಳು ಮುಟ್ಟದ ಎಲೆಗಳ ಸುಂದರ ಉದ್ಯಾನ ಹಕ್ಕಿಯ ಮರಿಗೆ ಬರಿಯ ಖಾಲಿ ತಟ್ಟೆ. ಈ ಒಂದು ಮಾತನ್ನು ಆರು ವರ್ಷದ ಮಗು ಕೂಡ ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸ್ಥಳೀಯ ಗಿಡಗಳನ್ನು ಹೊಗಳುವ ಉತ್ಸಾಹದಲ್ಲಿ "ಹೊರಗಿನಿಂದ ಬಂದವು", "ನುಸುಳಿದವು", "ಓಡಿಸಬೇಕಾದವು" ಎಂಬಂಥ ಮಾತುಗಳು ಸಲೀಸಾಗಿ ಬಾಯಿಗೆ ಬರುತ್ತವೆ. ನಿಮ್ಮ 60 ಕುಟುಂಬಗಳಲ್ಲಿ ಬೇರೆ ಊರಿನಿಂದ, ಬೇರೆ ಭಾಷೆಯಿಂದ ಬಂದು ನೆಲೆಸಿದವರು ಇದ್ದೇ ಇರುತ್ತಾರೆ. ಅವರ ಮಕ್ಕಳು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಗಿಡದ ಸ್ಥಳೀಯತೆ ಎಲೆ ಮತ್ತು ಕೀಟದ ನಡುವಿನ ವಿಚಾರ, ಅದಕ್ಕೂ ಮನುಷ್ಯರ ನೆಲೆಗೂ ಸಂಬಂಧವಿಲ್ಲ. ಹೊರಗಿನಿಂದ ಬಂದ ಗಿಡಗಳಲ್ಲಿಯೂ ಹೆಚ್ಚಿನವು ಯಾರಿಗೂ ತೊಂದರೆ ಕೊಡದೆ ಬೆಳೆದುಕೊಂಡಿವೆ. ಹತೋಟಿ ಮೀರಿ ಹರಡಿ ಉಳಿದ ಗಿಡಗಳ ಜಾಗವನ್ನು ಕಬಳಿಸುವವು ಕೆಲವು ಮಾತ್ರ. ಆದ್ದರಿಂದ ಮಾರ್ಗದರ್ಶಕರಾಗಿ ನಿಲ್ಲುವವರು "ಈ ಗಿಡ ಯಾರಿಗೆಲ್ಲ ಮನೆಯಾಗಿದೆ" ಎಂದು ಕೇಳುವುದನ್ನು ರೂಢಿಸಿಕೊಳ್ಳಲಿ. "ಈ ಗಿಡ ನಮ್ಮದೋ ಪರರದೋ" ಎಂಬ ಪ್ರಶ್ನೆ ಅಂದಿನ ದಿನಕ್ಕೆ ಬೇಡ.

ಇನ್ನು ಗಿಡಗಳ ಆಯ್ಕೆ. ಐವತ್ತು ಗಿಡಗಳ ಪಟ್ಟಿ ಮಾಡಿ ಫಲಕ ಹಾಕುವ ಆಸೆಯನ್ನು ದಯವಿಟ್ಟು ಬಿಡಿ. ಒಂದು ಬೆಳಿಗ್ಗೆ ಒಂದು ಕುಟುಂಬ ಐದು ಗಿಡಗಳೊಂದಿಗೆ ನಿಜವಾದ ಪರಿಚಯ ಬೆಳೆಸಿಕೊಳ್ಳಬಲ್ಲದು, ಅದಕ್ಕಿಂತ ಹೆಚ್ಚಾದರೆ ಎಲ್ಲವೂ ಕಲಸಿಹೋಗುತ್ತದೆ. ಆ ಐದೂ ಕುಂಡದಲ್ಲಿ ತಂದಿಟ್ಟವಾಗಿರದೆ ನೆಲದಲ್ಲಿ ಬೇರೂರಿ ನಿಂತಿರುವಂಥವಾಗಿರಲಿ, ಏಕೆಂದರೆ ಹಿಂದಿನ ದಿನ ನರ್ಸರಿಯಿಂದ ತಂದ ಗಿಡದ ಮೇಲೆ ಹುಳುವೂ ಇರುವುದಿಲ್ಲ, ಇರುವೆಯೂ ಇರುವುದಿಲ್ಲ. ಒಂದು ದೊಡ್ಡ ಮರ, ಒಂದು ಪೊದೆ, ಒಂದು ಬಳ್ಳಿ, ಒಂದು ಹುಲ್ಲು ಮತ್ತು ಕಾಲಡಿಯಲ್ಲಿ ಯಾರೂ ಗಮನಿಸದ ಒಂದು ಪುಟ್ಟ ಕಳೆಗಿಡ ಹೀಗೆ ಆರಿಸಿಕೊಂಡರೆ ಎತ್ತರದ ಎಲ್ಲ ಅಂತಸ್ತುಗಳೂ ಸಿಗುತ್ತವೆ. ಹುಲ್ಲನ್ನು ಬಿಡಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಹುಲ್ಲಿಗೆ ಹೂವಿದೆ ಎಂಬುದನ್ನೇ ಎಷ್ಟೋ ಜನ ಜೀವಮಾನದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ಭೂತಗನ್ನಡಿಯಡಿಯಲ್ಲಿ ಹುಲ್ಲಿನ ತೆನೆಯಿಂದ ತೂಗುವ ಕೇಸರಗಳನ್ನು ಕಂಡಾಗ ದೊಡ್ಡವರ ಮುಖದಲ್ಲೇ ಹೆಚ್ಚು ಬೆರಗು ಕಾಣುತ್ತದೆ. ಕಣ್ಣೆದುರಿಗಿರುವ ಸಸ್ಯಗಳನ್ನು ಕಾಣದಿರುವ ಈ ಸ್ವಭಾವಕ್ಕೆ ಅಮೆರಿಕದ ಸಸ್ಯವಿಜ್ಞಾನ ಶಿಕ್ಷಕರಾದ ಜೇಮ್ಸ್ ವಾಂಡರ್ಸೀ ಮತ್ತು ಎಲಿಸಬೆತ್ ಶುಸ್ಲರ್ 1990ರ ದಶಕದ ಕೊನೆಯಲ್ಲಿ "ಸಸ್ಯಗುರುಡು" ಎಂಬ ಅರ್ಥದ ಹೆಸರನ್ನೇ ಕೊಟ್ಟರು.

ಮರದ ಸ್ಥಾನಕ್ಕೆ ಅತ್ತಿಯ ಜಾತಿಯ ಯಾವುದಾದರೂ ಸ್ಥಳೀಯ ಮರ ಸಿಕ್ಕರೆ ಅದಕ್ಕಿಂತ ಒಳ್ಳೆಯ ಗುರು ಬೇರೆಯಿಲ್ಲ. ಜಗತ್ತಿನಲ್ಲಿ ಈ ಕುಲದ 750ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳ ಹೂಗಳು ಕಾಯಿಯಂತೆ ಕಾಣುವ ಗೋಳದ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಹೊರಗಿನಿಂದ ಕಾಣುವುದೇ ಇಲ್ಲ. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಗೋಳದ ತುದಿಯ ಸಂದಿಯಿಂದ ರೆಕ್ಕೆಗಳನ್ನೂ ಮುರಿದುಕೊಂಡು ಒಳನುಗ್ಗಿ ಪರಾಗಸ್ಪರ್ಶ ಮಾಡುತ್ತದೆ. ಸಾಮಾನ್ಯವಾಗಿ ಒಂದೊಂದು ಪ್ರಭೇದಕ್ಕೆ ಅದರದೇ ಕಣಜವಿರುತ್ತದೆ. ಬಿದ್ದ ಹಣ್ಣೊಂದನ್ನು ಅಡ್ಡಲಾಗಿ ಕತ್ತರಿಸಿ ಒಳಗಿನ ನೂರಾರು ಹೂಗಳನ್ನು ತೋರಿಸಿ, ಅದನ್ನೇ ಬಿಡಿಸಲು ಹೇಳಿ. ಒಂದೂವರೆ ಅಂಗುಲದ ಆ ವೃತ್ತದಲ್ಲಿ ಗಂಟೆಗಟ್ಟಲೆ ಬಿಡಿಸುವಷ್ಟು ವಿಷಯವಿದೆ.

ಹೂಗಿಡವನ್ನು ಆರಿಸುವಾಗ ಒಂದೇ ಸುತ್ತಿನ ದಳಗಳಿರುವ ಸಹಜ ರೂಪವನ್ನೇ ಆರಿಸಿ. ಅಂದಕ್ಕಾಗಿ ಬೆಳೆಸಿದ, ಹಲವು ಸುತ್ತು ದಳಗಳಿರುವ ಸುತ್ತುಹೂಗಳಲ್ಲಿ ಹೆಚ್ಚಾಗಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ, ಆದ್ದರಿಂದ ದುಂಬಿಗೆ ಅಲ್ಲಿ ಪರಾಗ ಸಿಗುವುದು ಕಷ್ಟ. ಎರಡನ್ನೂ ಪಕ್ಕದಲ್ಲಿಟ್ಟು ಕೇಸರಗಳನ್ನು ಎಣಿಸಿ ಬಿಡಿಸುವಂತೆ ಹತ್ತು ವರ್ಷ ದಾಟಿದ ಮಕ್ಕಳಿಗೆ ಹೇಳಿದರೆ, ಮೇಲ್ನೋಟದ ಅಂದ ಮತ್ತು ಗಿಡದ ಕೆಲಸದ ನಡುವಿನ ಅಂತರ ಅವರಿಗೇ ತಿಳಿಯುತ್ತದೆ. ವಿಷದ ಗಿಡಗಳ ವಿಚಾರದಲ್ಲಿ ಸಂಕೋಚವಿಲ್ಲದೆ ಕಟ್ಟುನಿಟ್ಟಾಗಿರಿ. ಕಣಗಿಲೆಯ ಎಲ್ಲ ಭಾಗಗಳೂ ವಿಷ, ದತ್ತೂರಿ ಹಾಗೆಯೇ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಇಂಥವನ್ನು ದೂರದಿಂದ ತೋರಿಸಬಹುದು, ಮಕ್ಕಳ ಕೈಗೆ ಕೊಡಬಾರದು. ಯಾವ ಗಿಡವನ್ನೂ ಬಾಯಿಗೆ ಹಾಕಿಕೊಳ್ಳಕೂಡದು ಎಂಬ ನಿಯಮವನ್ನು ಆರಂಭದಲ್ಲೇ ಹೇಳಿಬಿಡಿ, ಕೈ ತೊಳೆಯಲು ನೀರು ಮತ್ತು ಸೋಪು ಹತ್ತಿರದಲ್ಲೇ ಇರಲಿ, ಜೇನ್ನೊಣದ ಕಡಿತಕ್ಕೆ ಅಲರ್ಜಿ ಇರುವವರು ಯಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಈ ಐದು ಗಿಡಗಳನ್ನು ಸಂಘಟಕರು ಎರಡು ವಾರ ಮೊದಲು ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಹೋಗಿ ನೋಡಬೇಕು. ಹೂ ಉದುರಿರಬಹುದು, ಕಾಯಿ ಕಟ್ಟಿರಬಹುದು, ಯಾರೋ ಪೊದೆಯನ್ನು ಕತ್ತರಿಸಿರಲೂಬಹುದು. ಗಿಡದ ಗುರುತಿನ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಿ. ಫೋನಿನ ಆ್ಯಪ್ ಹೇಳಿದ ಹೆಸರನ್ನು ಮೊದಲ ಸುಳಿವೆಂದು ತೆಗೆದುಕೊಳ್ಳಬಹುದು, ಕೊನೆಯ ತೀರ್ಪೆಂದು ತೆಗೆದುಕೊಳ್ಳಬಾರದು.

ಕಲೆ ಮತ್ತು ನಿಸರ್ಗವನ್ನು ಹೇಗೆ ಜೋಡಿಸುವುದು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಮುನ್ನೂರು ವರ್ಷಗಳ ಹಿಂದೆಯೇ ಒಬ್ಬ ಮಹಿಳೆ ಉತ್ತರ ಕೊಟ್ಟಿದ್ದಾರೆ. 1647ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ ಹದಿಮೂರರ ಹರೆಯದಲ್ಲೇ ರೇಷ್ಮೆಹುಳುಗಳನ್ನು ಸಾಕಿ ಅವು ಬದಲಾಗುವುದನ್ನು ಚಿತ್ರಿಸತೊಡಗಿದರು. ಹುಳುಗಳು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಎಷ್ಟೋ ಜನ ನಂಬಿದ್ದ ಕಾಲವದು. 1699ರಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗಿನಲ್ಲಿ ಹೋಗಿ, ಎರಡು ವರ್ಷ ಅಲ್ಲಿನ ಗಿಡಗಳನ್ನೂ ಹುಳುಗಳನ್ನೂ ನೋಡಿ ಚಿತ್ರಿಸಿದರು. 1705ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ 60 ಚಿತ್ರಫಲಕಗಳಿದ್ದವು. ಅವರ ಹಾಳೆಗಳ ವಿಶೇಷವೇನೆಂದರೆ ಒಂದೇ ಹಾಳೆಯಲ್ಲಿ ಗಿಡ, ಗಿಡದ ಮೇಲೆ ಅದನ್ನು ತಿನ್ನುವ ಮರಿಹುಳು, ಪಕ್ಕದಲ್ಲಿ ಕೋಶ, ಮೇಲೆ ಹಾರುವ ಚಿಟ್ಟೆ ಎಲ್ಲವೂ ಒಟ್ಟಿಗೆ ಇರುತ್ತವೆ, ಎಲೆಗಳು ಹುಳು ಕಡಿದಂತೆಯೇ ಹರಿದಿರುತ್ತವೆ. ನಿಮ್ಮ ಕುಟುಂಬಗಳಿಗೆ ಇದೇ ಮಾದರಿಯಾಗಲಿ. ಒಂದು ಕುಟುಂಬಕ್ಕೆ ಒಂದೇ ದೊಡ್ಡ ಹಾಳೆ ಕೊಡಿ; ಅದರಲ್ಲಿ ಒಂದು ಗಿಡ ಮತ್ತು ಅದನ್ನು ಆಶ್ರಯಿಸಿದ ಕನಿಷ್ಠ ಒಂದು ಜೀವಿ ಇರಲೇಬೇಕು ಎಂಬ ಒಂದೇ ನಿಯಮವಿಡಿ. ಹುಳು ಸಿಗದಿದ್ದರೆ ಹುಳು ಬಿಟ್ಟುಹೋದ ಗುರುತು ಸಾಕು. ತೂತು, ಸುರುಳಿ ಸುತ್ತಿದ ಎಲೆ, ಎಲೆಯೊಳಗೆ ಬಿಳಿ ಹಾವಿನಂತೆ ಹರಿದ ಸುರಂಗದ ಗೆರೆ, ಕಾಂಡದ ಮೇಲಿನ ಗಂಟು, ಜೇಡದ ಬಲೆ, ಯಾವುದಾದರೂ ಸರಿ.

ಒಂದೇ ಹಾಳೆ ಎಂದದ್ದಕ್ಕೆ ಕಾರಣವಿದೆ. ಮಕ್ಕಳಿಗೆಲ್ಲ ಬೇರೆ ಬೇರೆ ಹಾಳೆ ಕೊಟ್ಟರೆ ತಂದೆ ತಾಯಂದಿರು ಹಿಂದೆ ಸರಿದು ಫೋನಿನಲ್ಲಿ ಚಿತ್ರ ತೆಗೆಯಲು ನಿಲ್ಲುತ್ತಾರೆ. ಒಂದೇ ಹಾಳೆಯಾದಾಗ ಮೂರು ವರ್ಷದ ಮಗು ಎಲೆಯ ಮೇಲೆ ಬಳಪ ಉಜ್ಜುತ್ತದೆ, ಅಕ್ಕ ಹುಳುವನ್ನು ಬಿಡಿಸುತ್ತಾಳೆ, ಅಪ್ಪ ಎಲೆಯ ಉದ್ದವನ್ನು ಅಳೆದು ಬರೆಯುತ್ತಾನೆ, ಅಜ್ಜಿ ಗಿಡದ ಹೆಸರು ಹೇಳುತ್ತಾಳೆ. ಹತ್ತು ಹನ್ನೆರಡು ಜನಕ್ಕೊಬ್ಬ ಮಾರ್ಗದರ್ಶಕರು ಸಾಕು. ಬಿಸಿಲೇರುವ ಮೊದಲು ಮುಕ್ಕಾಲು ಗಂಟೆ ಬರಿಗೈಯಲ್ಲಿ ನಡೆದು ಐದೂ ಗಿಡಗಳನ್ನು ನೋಡಿ, ಆಮೇಲೆ ಪ್ರತಿ ಕುಟುಂಬವೂ ತನಗೆ ಇಷ್ಟವಾದ ಒಂದೇ ಗಿಡದ ಬಳಿಗೆ ಮರಳಿ ಹೋಗಿ ಕುಳಿತುಕೊಳ್ಳಲಿ. ಕಣ್ಣು ಕಾಣದವರಿಗೆ ಎಲೆ, ತೊಗಟೆಗಳ ಸ್ಪರ್ಶ, ಉಜ್ಜಿದ ಎಲೆಯ ವಾಸನೆ ಇವುಗಳ ಮೂಲಕವೇ ಪರಿಚಯವಾಗುವಂತೆ ಐದರಲ್ಲಿ ಎರಡಾದರೂ ಗಿಡಗಳು ಒರಟೋ ನಯವೋ ಪರಿಮಳವೋ ಎದ್ದು ತೋರುವಂಥವಾಗಿರಲಿ. ಗಾಲಿಕುರ್ಚಿ ಹೋಗುವ ದಾರಿ ಮತ್ತು ಹಿರಿಯರಿಗೆ ನೆರಳಿನಲ್ಲಿ ಆಸನ ಇವನ್ನು ಮರೆಯಬೇಡಿ.

ಎಲೆಯುಜ್ಜುವ ಚಿತ್ರ ಎಲ್ಲಕ್ಕಿಂತ ಸರಳ. ಎಲೆಯ ಬೆನ್ನು ಮೇಲಾಗಿ ಇಡಬೇಕು, ಏಕೆಂದರೆ ನರಗಳು ಉಬ್ಬಿರುವುದು ಆ ಬದಿಯಲ್ಲಿ. ಮೇಲೆ ತೆಳು ಕಾಗದವಿಟ್ಟು, ಕ್ರೇಯಾನಿನ ಸಿಪ್ಪೆ ಸುಲಿದು ಅಡ್ಡಲಾಗಿ ಹಿಡಿದು ಹಗುರವಾಗಿ ಎಳೆದರೆ ಎಲೆಯೆಲ್ಲ ಮೇಲೆದ್ದು ಬರುತ್ತದೆ. ಹೂವನ್ನೋ ಎಲೆಯನ್ನೋ ಹತ್ತಿ ಬಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಬಣ್ಣ ಇಳಿಸುವ ಕೆಲಸವೂ ಮಕ್ಕಳಿಗೆ ಬಹಳ ಪ್ರಿಯ. ಬಟ್ಟೆಯನ್ನು ಮೊದಲೇ ಪಟಿಕದ ನೀರಿನಲ್ಲಿ ನೆನೆಸಿ ಒಣಗಿಸಿದ್ದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಬಡಿಯುವ ಮೊದಲು ಎಲೆಯನ್ನು ಮಗುಚಿ ಚಿಟ್ಟೆಯ ಮೊಟ್ಟೆ ಇದೆಯೇ ಎಂದು ನೋಡುವುದನ್ನು ಕಡ್ಡಾಯ ಮಾಡಿ. ಇದ್ದರೆ ಆ ಎಲೆಯನ್ನು ಗಿಡದಲ್ಲೇ ಬಿಡಬೇಕು, ಕಿತ್ತಿದ್ದರೆ ಅದೇ ಗಿಡದ ಕೊಂಬೆಗೆ ಸಿಕ್ಕಿಸಬೇಕು. ಆ ಒಂದು ಕ್ಷಣದ ತಪಾಸಣೆಯಲ್ಲಿ ಮಗು ಕಲಿಯುವುದು ಬಡಿಯುವುದರಲ್ಲಿ ಕಲಿಯುವುದಕ್ಕಿಂತ ಹೆಚ್ಚು.

ನನ್ನ ಮಟ್ಟಿಗೆ ಅಂದಿನ ಮುಖ್ಯ ಕೆಲಸವಾಗಬೇಕಾದದ್ದು ಸಯನೋಟೈಪ್, ಅಂದರೆ ಬಿಸಿಲಿನ ನೀಲಿ ಅಚ್ಚು. ಇದನ್ನು 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದರು. ಮರುವರ್ಷವೇ ಆನ್ನಾ ಆಟ್ಕಿನ್ಸ್ ಎಂಬ ಸಸ್ಯಾಸಕ್ತೆ ಕಡಲಪಾಚಿಗಳನ್ನು ಈ ವಿಧಾನದಲ್ಲಿ ಅಚ್ಚೊತ್ತಿ ಪುಸ್ತಕವಾಗಿ ಹಂಚತೊಡಗಿದರು. ಛಾಯಾಚಿತ್ರಗಳಿರುವ ಮೊದಲ ಪುಸ್ತಕವೆಂದು ಅದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅಂದರೆ ಛಾಯಾಚಿತ್ರ ಪುಸ್ತಕಗಳ ಇತಿಹಾಸ ಆರಂಭವಾದದ್ದೇ ಸಸ್ಯರೂಪಗಳ ಅಚ್ಚಿನಿಂದ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಿಟ್ಟಿರುತ್ತಾರೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದ ಕಡೆ ಕಬ್ಬಿಣದ ಲವಣ ಬದಲಾಗಿ ನೀರಿನಲ್ಲಿ ಕರಗದ ನೀಲಿಯಾಗುತ್ತದೆ, ಎಲೆ ಮುಚ್ಚಿದ ಕಡೆ ಲವಣ ತೊಳೆದುಹೋಗಿ ಬಿಳಿಯಾಗಿ ಉಳಿಯುತ್ತದೆ. ದ್ರಾವಣ ಬಳಿಯುವ ಕೆಲಸವನ್ನು ದೊಡ್ಡವರು ಕೈಗವಸು ಹಾಕಿಕೊಂಡು ಹಿಂದಿನ ರಾತ್ರಿಯೇ ಮುಗಿಸಬೇಕು, ಅಥವಾ ಸಿದ್ಧ ಕಾಗದವನ್ನೇ ತರಿಸಿಕೊಳ್ಳಬೇಕು. ಈ ಲವಣಗಳನ್ನು ಆಮ್ಲದ ಹತ್ತಿರ ಇಡಬಾರದು. ಮಕ್ಕಳ ಪಾಲಿಗೆ ಉಳಿಯುವುದು ಎಲೆಯಿಡುವುದು, ಮೇಲೆ ಗಾಜು ಮುಚ್ಚುವುದು, ಕಾಯುವುದು, ತೊಳೆಯುವುದು. ಒಳ್ಳೆಯ ಬಿಸಿಲಿನಲ್ಲಿ ಐದರಿಂದ ಹದಿನೈದು ನಿಮಿಷ ಸಾಕು, ಮೋಡವಿದ್ದರೆ ಅದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಮೊದಲು ಒಂದು ಚೂರು ಕಾಗದದಲ್ಲಿ ಪರೀಕ್ಷಿಸಿಕೊಳ್ಳಿ. ಹಳದಿ ನೀರು ಇಳಿಯುವುದು ನಿಲ್ಲುವವರೆಗೆ ಸಾದಾ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಹಾಕಿದರೆ ನೀಲಿ ಮರುದಿನದ ಹೊತ್ತಿಗೆ ಇನ್ನೂ ಗಾಢವಾಗುತ್ತದೆ.

ಈ ವಿಧಾನವನ್ನು ಇಷ್ಟು ಒತ್ತಿ ಹೇಳಲು ಕಾರಣ, ಇದು ಹುಳು ತಿಂದ ಎಲೆಯ ಪರವಾಗಿದೆ. ಹಾನಿಯಿಲ್ಲದ ಎಲೆ ಕಾಗದದ ಮೇಲೆ ಬಿಳಿಯ ಒಂದು ಆಕಾರವಷ್ಟೇ ಆಗುತ್ತದೆ. ಹುಳು ತಿಂದ ಎಲೆಯಲ್ಲಾದರೋ ಪ್ರತಿ ತೂತಿನಿಂದಲೂ ಬಿಸಿಲು ಇಳಿದು, ಬಿಳಿಯ ಎಲೆಯೊಳಗೆ ನೀಲಿ ಚುಕ್ಕೆಗಳು ನಕ್ಷತ್ರಗಳಂತೆ ಮೂಡುತ್ತವೆ. ಹುಳು ಮೇಲ್ಪದರವನ್ನಷ್ಟೇ ಕೆರೆದು ತಿಂದು ಜರಡಿಯಂತೆ ಮಾಡಿದ ಎಲೆ ಸಿಕ್ಕರಂತೂ ನರಗಳ ಇಡೀ ಜಾಲವೇ ಬರುತ್ತದೆ. ಮಕ್ಕಳು ತಾವಾಗಿಯೇ ತೂತು ಬಿದ್ದ ಎಲೆಗಳನ್ನು ಹುಡುಕಲು ಓಡುವುದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ "ಕೆಟ್ಟ ಎಲೆ"ಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಬೇಕಾದ ಎಲೆಯಾಗಿರುತ್ತದೆ.

ಎಲೆ ಹೂ ಕೀಳುವುದಕ್ಕೂ ಒಂದು ಮಿತಿಯಿರಲಿ. ಸಸ್ಯಗಳನ್ನು ಸಂಗ್ರಹಿಸುವವರು ಇಪ್ಪತ್ತಕ್ಕೆ ಒಂದು ಎಂಬ ನಿಯಮವನ್ನು ಪಾಲಿಸುತ್ತಾರೆ. ಒಂದೇ ಜಾತಿಯ ಇಪ್ಪತ್ತು ಗಿಡಗಳು ಕಣ್ಣಿಗೆ ಬಿದ್ದರೆ ಅವುಗಳಲ್ಲಿ ಒಂದರಿಂದ ಮಾತ್ರ ತೆಗೆದುಕೊಳ್ಳಬೇಕು, ಹಾಗೆಯೇ ಇಪ್ಪತ್ತು ಹೂಗಳಲ್ಲಿ ಒಂದನ್ನು ಮಾತ್ರ. ಅಪರೂಪದ ಗಿಡವನ್ನೂ ಸಂರಕ್ಷಿತ ಪ್ರದೇಶದ ಗಿಡವನ್ನೂ ಮುಟ್ಟುವಂತಿಲ್ಲ, ಸಾರ್ವಜನಿಕ ಜಾಗವಾದರೆ ಅದನ್ನು ನೋಡಿಕೊಳ್ಳುವವರ ಅನುಮತಿ ಬೇಕು. ಮಿನುಗುಪುಡಿ, ಪ್ಲಾಸ್ಟಿಕ್ ಹೂ, ಬಲೂನುಗಳನ್ನು ಈ ದಿನದ ಹತ್ತಿರಕ್ಕೂ ತರಬೇಡಿ.

ಹಿರಿಯರನ್ನು ಕೂರಿಸಿ ಸನ್ಮಾನಿಸುವ ಬದಲು ಅವರಿಗೆ ಕೆಲಸ ಕೊಡಿ. ಪ್ರತಿ ಗಿಡದ ಬಳಿ ಒಂದು ಉದ್ದನೆಯ ಬಿಳಿ ಬಟ್ಟೆಯನ್ನು ಕಟ್ಟಿ, ಆ ಗಿಡಕ್ಕೆ ತಮಗೆ ಗೊತ್ತಿರುವ ಹೆಸರನ್ನು ಪ್ರತಿಯೊಬ್ಬರೂ ತಮ್ಮ ಮನೆಮಾತಿನಲ್ಲಿ, ತಮ್ಮ ಲಿಪಿಯಲ್ಲಿ ಬರೆಯಲಿ. ಬರೆಯಲು ಬಾರದವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಒಂದೇ ಗಿಡಕ್ಕೆ ಆರೇಳು ಹೆಸರುಗಳು ಬಂದಾಗ, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರತಿ ಗಿಡಕ್ಕೂ ಎರಡು ಪದಗಳ ಒಂದೇ ಹೆಸರಿನ ಪದ್ಧತಿಯನ್ನು ಏಕೆ ನೆಲೆಗೊಳಿಸಿದ ಎಂಬುದನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಾರದು. ಹೆಸರುಗಳ ಜೊತೆಗೆ ಚಿಕ್ಕಂದಿನ ಆಟ, ಹಾಡು, ನೆನಪುಗಳೂ ಬರುತ್ತವೆ. ಆದರೆ ಯಾರಾದರೂ ಮನೆಮದ್ದಿನ ವಿಚಾರ ಹೇಳಿದರೆ ಅದನ್ನು ಗೌರವದಿಂದ ಬರೆದಿಟ್ಟುಕೊಳ್ಳಿ, ಪ್ರಯೋಗಿಸಲು ಯಾರನ್ನೂ ಪ್ರೋತ್ಸಾಹಿಸಬೇಡಿ. ಮೆರಿಯನ್ ಕೂಡ ಸುರಿನಾಮ್‌ನ ಮೂಲನಿವಾಸಿಗಳೂ ಗುಲಾಮರಾಗಿ ದುಡಿಯುತ್ತಿದ್ದವರೂ ಹೇಳಿದ ಗಿಡದ ವಿಷಯಗಳನ್ನು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದರು.

ಸ್ಪರ್ಧೆ ಬೇಡ. ಬಹುಮಾನವೆಂದ ಕೂಡಲೇ ಮಗು ಗಿಡವನ್ನು ನೋಡುವುದನ್ನು ಬಿಟ್ಟು ಪಕ್ಕದ ಮಗುವಿನ ಹಾಳೆಯನ್ನು ನೋಡತೊಡಗುತ್ತದೆ. ಎಲ್ಲ ಹಾಳೆಗಳನ್ನೂ ಹಗ್ಗಕ್ಕೆ ತೂಗುಹಾಕಿ, ಒಂದೇ ಗಿಡವನ್ನು ಬಿಡಿಸಿದವರ ಹಾಳೆಗಳು ಒಟ್ಟಿಗಿರಲಿ. ಹತ್ತು ಮನೆಯವರು ಒಂದೇ ಗಿಡದಲ್ಲಿ ಹತ್ತು ಬೇರೆ ಜೀವಿಗಳನ್ನು ಕಂಡಿದ್ದಾರೆ ಎಂಬುದು ಅಲ್ಲಿ ತಾನಾಗಿಯೇ ಗೋಚರಿಸುತ್ತದೆ.

ಸಸಿ ಹಂಚಿಕೆಯ ಬಗ್ಗೆ ನಿಮಗಿರುವ ಬೇಸರ ನ್ಯಾಯವಾದದ್ದು. ಎಲ್ಲರ ಕೈಗೂ ಒಂದೊಂದು ಮರದ ಸಸಿ ಕೊಟ್ಟು ಕಳಿಸಿದರೆ, ನೆಡಲು ಜಾಗವಿಲ್ಲದವರ ಮನೆಯಲ್ಲಿ ಅದು ಪ್ಲಾಸ್ಟಿಕ್ ಚೀಲದಲ್ಲೇ ಒಣಗುತ್ತದೆ. ಸಸಿ ಕೊಡಲೇಬೇಕೆಂದಿದ್ದರೆ ಕುಂಡದಲ್ಲೂ ಬದುಕುವ ಸ್ಥಳೀಯ ಗಿಡಮೂಲಿಕೆಯನ್ನೋ ಬಳ್ಳಿಯನ್ನೋ ಆರಿಸಿ, ಕೇಳಿದವರಿಗೆ ಮಾತ್ರ ಕೊಡಿ, ಅಂದು ಅವರು ಬಿಡಿಸಿದ ಗಿಡದ್ದೇ ಸಸಿಯಾಗಿರಲಿ. ಬೀಜದುಂಡೆ ಎಸೆಯುವ ಕಾರ್ಯಕ್ರಮಗಳ ಬಗ್ಗೆಯೂ ನನಗೆ ಹಿಂಜರಿಕೆಯಿದೆ. ಯಾವ ಬೀಜ, ಎಲ್ಲಿಯದು ಎಂದು ತಿಳಿಯದ ಉಂಡೆಗಳನ್ನು ಎಲ್ಲೆಂದರಲ್ಲಿ ಎಸೆಯುವುದರಿಂದ ಆ ಜಾಗಕ್ಕೆ ಸಲ್ಲದ ಗಿಡಗಳೇ ಹರಡಬಹುದು. ಅದರ ಬದಲು ಕುಟುಂಬಗಳೇ ಮಾಗಿದ ಬೀಜಗಳನ್ನು ಸಂಗ್ರಹಿಸಿ ಕಾಗದದ ಲಕೋಟೆಯಲ್ಲಿ ಹೆಸರು, ಜಾಗ, ದಿನಾಂಕ ಬರೆದಿಡಲಿ. ಅಂದು ಸಿಗುವ ಬೀಜದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ದೊಡ್ಡ ಬೀಜ ಸಂಗ್ರಹಾಲಯಗಳು ಪಾಲಿಸುವ ಮಿತಿ, ನಿಮಗೂ ಅದೇ ಸಾಕು.

ಕೊನೆಯದಾಗಿ, ಉಳಿಯುವುದೇನು ಎಂಬ ಪ್ರಶ್ನೆ. ಐದೂ ಗಿಡಗಳ ಒಂದೊಂದು ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ಮೊದಲ ಕೆಲವು ದಿನ ಪ್ರತಿದಿನವೂ ಕಾಗದ ಬದಲಿಸಿ, ಒಂದೆರಡು ವಾರದಲ್ಲಿ ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ ಹೆಸರು, ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಬರೆದರೆ ಅದೇ ಒಂದು ಹರ್ಬೇರಿಯಂ ಹಾಳೆ; ಹರ್ಬೇರಿಯಂ ಎಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಸಸ್ಯವಿಜ್ಞಾನಿ ಲೂಕಾ ಗಿನಿಯವರ ಕಾಲದಿಂದ ರೂಢಿಗೆ ಬಂದ ಈ ಕ್ರಮವನ್ನೇ ಇಂದಿಗೂ ಜಗತ್ತಿನ 3,000ಕ್ಕೂ ಹೆಚ್ಚು ಹರ್ಬೇರಿಯಂಗಳು ಅನುಸರಿಸುತ್ತಿವೆ. ಇಲ್ಲಿಯೂ ಹುಳು ತಿಂದ ಎಲೆಯನ್ನು ಬಿಡಬೇಡಿ: ನೂರು ವರ್ಷ ಹಳೆಯ ಹಾಳೆಗಳ ಮೇಲಿನ ಕಡಿತದ ಗುರುತುಗಳನ್ನು ಎಣಿಸಿ, ಅಂದಿನ ಮತ್ತು ಇಂದಿನ ಕೀಟಗಳ ಸ್ಥಿತಿಯನ್ನು ವಿಜ್ಞಾನಿಗಳು ಹೋಲಿಸಿ ನೋಡುತ್ತಿದ್ದಾರೆ.

ಹಾಳೆಗಿಂತಲೂ ಹೆಚ್ಚು ಕಾಲ ಬಾಳುವುದು ಮರಳಿ ಹೋಗಿ ನೋಡುವ ಅಭ್ಯಾಸ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬವರು 1736ರಿಂದ ತಮ್ಮ ಜಮೀನಿನಲ್ಲಿ ಯಾವ ಮರ ಎಂದು ಚಿಗುರಿತು, ಯಾವ ಹೂ ಎಂದು ಅರಳಿತು, ಯಾವ ಹಕ್ಕಿ ಎಂದು ಬಂತು ಎಂದು ಬರೆದಿಡತೊಡಗಿದರು. ಅವರ ನಂತರ ಅವರ ವಂಶದವರು ಆ ಬರವಣಿಗೆಯನ್ನು 1958ರವರೆಗೂ ಮುಂದುವರಿಸಿದರು. ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವವರು ಇಂದು ಬಳಸುವ ಅಮೂಲ್ಯ ದಾಖಲೆಗಳಲ್ಲಿ ಒಂದು ಮನೆತನ ಬರೆದ ಆ ಪುಟಗಳೂ ಸೇರಿವೆ. ನಿಮ್ಮ 60 ಕುಟುಂಬಗಳು ಐದು ಗಿಡಗಳನ್ನು ಹಂಚಿಕೊಂಡರೆ ಒಂದು ಗಿಡಕ್ಕೆ 12 ಮನೆಗಳಾಗುತ್ತವೆ, ತಿಂಗಳಿಗೊಂದು ಮನೆಯ ಸರದಿ ಬಂದರೆ ಒಂದು ವರ್ಷ ತುಂಬುತ್ತದೆ. ಸರದಿ ಬಂದವರು ಗಿಡದ ಬಳಿ ಹೋಗಿ ಚಿಗುರಿದೆಯೇ, ಹೂ ಬಿಟ್ಟಿದೆಯೇ, ಕಾಯಿ ಮಾಗಿದೆಯೇ, ಎಲೆಯನ್ನು ಯಾರು ತಿನ್ನುತ್ತಿದ್ದಾರೆ ಎಂಬ ನಾಲ್ಕು ಸಾಲು ಬರೆದು ಪುಸ್ತಕವನ್ನು ಮುಂದಿನ ಮನೆಗೆ ಕೊಟ್ಟರೆ ಸಾಕು.

ಆಮಂತ್ರಣ ಪತ್ರದಲ್ಲಿ ಒಂದೇ ದಿನಾಂಕ ಹಾಕಬೇಡಿ, ಮೂರು ತಿಂಗಳ ನಂತರದ ಇನ್ನೊಂದು ದಿನಾಂಕವನ್ನೂ ಈಗಲೇ ಅಚ್ಚು ಹಾಕಿಸಿ. ಆ ಎರಡನೆಯ ಬೆಳಿಗ್ಗೆ ಯಾವ ವ್ಯವಸ್ಥೆಯೂ ಬೇಡ. ಪ್ರತಿ ಕುಟುಂಬವೂ ತನ್ನ ನೀಲಿ ಅಚ್ಚನ್ನು ತೆಗೆದುಕೊಂಡು ಅದೇ ಗಿಡದ ಮುಂದೆ ಬಂದು ನಿಂತು, ಎಲೆಯ ಪಕ್ಕದಲ್ಲಿ ಹಿಡಿದು ನೋಡಲಿ.